ಬೂದ್ಯಾನಿಗೆ ಮೂತ್ರ ಕಟ್ಟಿದಾಗ

ಇದನ್ನು ಬರೆಯುವುದನ್ನು ಬಹಳ ವರ್ಷ ಮುಂದೂಡುತ್ತ ಬಂದೆ. ಅವ್ವ ಇರುವತನಕ ಬೇಡ ಅಂದುಕೊಂಡೆ. ಅವ್ವ ಹೋದ ಮೇಲೆ ಮಕ್ಕಳ ಮದುವೆಗಳು ಮುಗಿಯಲಿ ಅಂದೆ. ಅವೂ ಮುಗಿದವು. ಆಮೇಲೆ ನೆಪ ಹುಡುಕುವುದನ್ನೂ ಬಿಟ್ಟು ಸುಮ್ಮನಾದೆ.

ಈಚೆಗೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಅಳುತ್ತ ಬಂದಳು. "ತಾತಾ, ಹಾಸಿಗಿ ಮ್ಯಾಲ ಹೊಲಸು ಮಾಡಿತು ಅಂತ ಬಡದ್ಬಿಟ್ಟೆ. ಈಗ ಮೂಲ್ಯಾಗ ಕುಂತು ತಿಣಕತೈತಿ, ಏನೂ ಬರವಲ್ದು" ಅಂದಳು. ಗಂಡೋ ಹೆಣ್ಣೋ ಎಂದು ಕೇಳಿದೆ. ಗಂಡು ಅಂದಳು. "ಇಲ್ಲಿ ನಿಂದರಬ್ಯಾಡ, ಈಗಿಂದೀಗ ಡಾಕ್ಟರ್ ಹತ್ರ ಹೋಗು" ಎಂದು ಗದರಿಸಿ ಕಳಿಸಿದೆ. ಬೆಕ್ಕು ಉಳಿಯಿತು. ಅವಳು ತಿರುಗಿ ಬಂದು, "ನಿಮಗ ಹೆಂಗ ಗೊತ್ತಾತು ತಾತಾ?" ಎಂದು ಕೇಳಿದಾಗ, "ನಮ್ಮನ್ಯಾಗ ಒಂದಿತ್ತವ್ವಾ, ಅದಕ್ಕೂ ಹಿಂಗ ಆಗಿತ್ತು" ಅಂದೆ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೇಳದೆ ಬಿಟ್ಟದ್ದು ಬಹಳ ಇತ್ತು. ಅದನ್ನು ಇಲ್ಲಿ ಹೇಳುತ್ತೇನೆ.

ಎಂಬತ್ತರ ದಶಕದ ಮಾತು. ಕಾಲುವೆಯ ನೀರು ಹರಿದು ಕಂಪ್ಲಿಯ ಸುತ್ತಿನ ಹೊಲಗಳೆಲ್ಲ ಗದ್ದೆಯಾಗಿ, ನಮ್ಮಂಥವರ ಮನೆಗಳಲ್ಲೂ ಎರಡು ಬೆಳೆಯ ಭತ್ತ ತುಂಬುತ್ತಿದ್ದ ಕಾಲ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಊರಿನ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಅಪ್ಪ ಇರಲಿಲ್ಲ, ಹಿರಿಯ ಮಗನಾದ್ದರಿಂದ ಮನೆಯ ಯಜಮಾನಿಕೆ ನನ್ನದೇ. ಅವ್ವ, ನನ್ನ ಹೆಂಡತಿ ಗೌರಮ್ಮ, ತಮ್ಮ ಈರಣ್ಣ, ಈರಣ್ಣನ ಹೆಂಡತಿ, ಇಷ್ಟು ಜನ. ಈರಣ್ಣ ಸಂಡೂರಿನ ಕಡೆ ಒಂದು ಗಣಿಯಲ್ಲಿ ಕೆಲಸಕ್ಕಿದ್ದ, ಶನಿವಾರ ಬಂದರೆ ಸೋಮವಾರ ಹೊರಟುಬಿಡುತ್ತಿದ್ದ. ಅವನ ಹೆಂಡತಿ ಅದೇ ಕಡೆಯ ಬಂಡ್ರಿ ಎಂಬ ಊರಿನವಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಎಲ್ಲರೂ ಬಂಡ್ರಿಯಾಕಿ ಎಂದೇ ಕರೆಯುತ್ತಿದ್ದರು.

ತವರಿನಿಂದ ಬರುವಾಗ ಆಕೆ ಬಿದಿರಿನ ಬುಟ್ಟಿಯಲ್ಲಿ ಒಂದು ಬೆಕ್ಕಿನ ಮರಿ ತಂದಿದ್ದಳು. ಬೂದಿ ಬಣ್ಣದ ಗಂಡು ಮರಿ. "ಎಲ್ಲಾರ ಸೊಸ್ತ್ಯಾರು ಕೊಡ ತರ್ತಾರ, ಕೊಪ್ಪರಿಗಿ ತರ್ತಾರ, ನಮ್ಮಾಕಿ ಬೆಕ್ಕು ತಂದಾಳ ನೋಡ್ರಿ" ಎಂದು ಅವ್ವ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಅದಕ್ಕೆ ಬೂದ್ಯಾ ಎಂದು ಹೆಸರಾಯಿತು. ಬೆಳೆದು ದೊಡ್ಡದಾದ ಮೇಲೆ ಇಲಿ ಹಿಡಿಯತೊಡಗಿತು. ಆಗ ನನ್ನ ಕಣ್ಣಿಗೂ ಅದು ಬಿತ್ತು.

ಭತ್ತದ ಕೋಣೆಯ ಕಾವಲಿಗೆ ಅದನ್ನು ಇಟ್ಟವನು ನಾನೇ. ಕತ್ತಲಾಗುತ್ತಲೇ ಒಳಗೆ ಬಿಟ್ಟು ಅಗಳಿ ಹಾಕುವುದು, ಬೆಳಗಾದ ಮೇಲೆ ತೆಗೆಯುವುದು. ತಿನ್ನಲು ಒಣಮೀನು. ಹಾಲು ಅನ್ನ ಹಾಕಿದರೆ ಸೋಮಾರಿಯಾಗಿ ಇಲಿ ಬಿಡುತ್ತದೆ ಎಂದು ನಾನು ಬೇಡ ಅಂದಿದ್ದೆ. ನೀರಂತೂ ಆ ಕೋಣೆಯೊಳಗೆ ಒಂದು ಬಟ್ಟಲೂ ಹೋಗಕೂಡದು. ತೇವ ತಗುಲಿದ ಭತ್ತ ಮಿಲ್ಲಿಗೆ ಹೋದರೆ ನುಚ್ಚಾಗಿ ಹೊರಬರುವುದನ್ನು ದಿನಾ ನೋಡುತ್ತಿದ್ದವನು ನಾನು. ಮಿಲ್ಲಿನ ಮನುಷ್ಯ ಹೇಳಿದ ಮೇಲೆ ಮನೆಯಲ್ಲಿ ಎದುರು ಮಾತಿಲ್ಲ. ಬಂಡ್ರಿಯಾಕಿ ಒಂದು ಸಲ ಮಣ್ಣಿನ ಬಟ್ಟಲಲ್ಲಿ ನೀರು ಇಟ್ಟಿದ್ದಳು. ನಾನು ಅದನ್ನು ಅಂಗಳಕ್ಕೆ ಚೆಲ್ಲಿ, ಬಟ್ಟಲನ್ನು ಒಡೆದು ಹಾಕಿದೆ. ಆಕೆ ಏನೂ ಅನ್ನುವಂತಿರಲಿಲ್ಲ. ನಮ್ಮಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಂತು ಮಾತಾಡುವುದಿಲ್ಲ. ಹೇಳುವುದೇನಿದ್ದರೂ ಬಾಗಿಲ ಮರೆಯಲ್ಲಿ ನಿಂತು ಗೌರಮ್ಮನಿಗೆ ಹೇಳಬೇಕು, ಗೌರಮ್ಮ ನನಗೆ ಹೇಳಬೇಕು.

ಶ್ರಾವಣದ ಒಂದು ಸೋಮವಾರ ಸ್ನಾನ ಮಾಡಿ ದೀಪ ಹಚ್ಚಲು ಹೋದೆ. ದೇವರ ಕೋಣೆಯ ಹೊಸ್ತಿಲ ಮುಂದೆ, ಶಾಬಾದಿ ಕಲ್ಲಿನ ನೆಲದ ಮೇಲೆ, ರಕ್ತದ ಹನಿಗಳಿದ್ದವು. ಒಂದಷ್ಟು ಹನಿ, ಪಕ್ಕದಲ್ಲಿ ಒರೆಸಿದಂಥ ಒಂದು ಗೀಟು. ತಂಬಿಗೆಯನ್ನು ಅಲ್ಲೇ ಇಟ್ಟು ಕೂಗಿದೆ.

"ಗೌರಾ! ಬಾ ಇಲ್ಲಿ!"

ಗೌರಮ್ಮ ಬಂದು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಹಿಂದೆಯೇ ಅವ್ವ ಬಂದಳು. "ಶಿವಶಿವಾ! ಶ್ರಾವಣದಾಗ, ಸೋಮವಾರ, ದೇವರ ಹೊಸ್ತಿಲಾಗ!"

"ನಾನು ಹೊರಗಾಗಿ ಒಳಗ ಬಂದು ಇನ್ನಾ ವಾರ ಆಗಿಲ್ರಿ" ಎಂದು ಗೌರಮ್ಮ ಮೊದಲೇ ಹೇಳಿ ತನ್ನನ್ನು ಉಳಿಸಿಕೊಂಡಳು. ಮೂವರೂ ಅಡುಗೆಮನೆಯ ಬಾಗಿಲ ಕಡೆ ತಿರುಗಿದೆವು.

ಬಾಗಿಲ ಮರೆಯಿಂದ ದನಿ ಬಂತು. "ನಾನಲ್ಲಕ್ಕಾ. ನಂದು ಇನ್ನಾ ದಿನ ಐತಿ."

"ಮತ್ತ ಯಾರು, ನಾನೇನು?" ಅಂದಳು ಅವ್ವ. "ಹಲ್ಲು ಬಿದ್ದ ಮುದುಕಿ ನಾ ಈಗ ಹೊರಗಾದ್ನೇನು?"

ಬೇರೆ ದಿನವಾಗಿದ್ದರೆ ಆ ಮಾತಿಗೆ ಎಲ್ಲರೂ ನಕ್ಕುಬಿಡುತ್ತಿದ್ದರು. ನಾನು ಗೌರಮ್ಮನಿಗೆ, ಒಳಗಿದ್ದವಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ. "ಆಕಿಗಿ ಹೇಳು. ಗೊತ್ತಾಗದ ಆಗಿದ್ರ ಆತು ಅಂತ ಒಪ್ಕೊಳ್ಳಲಿ. ಸುಳ್ಳು ಹೇಳೋದು ಬ್ಯಾಡ. ಕೊಟ್ಟಿಗ್ಯಾಗ ಹೋಗಿ ಕುಂದರಲಿ."

ಆಕೆ ಹೋಗಿ ಕುಳಿತಳು. ಮನೆಯೆಲ್ಲ ತೊಳೆಸಿ, ಗಂಜಲ ಚಿಮುಕಿಸಿ, ದೇವರ ಸಾಮಾನೆಲ್ಲ ಹುಣಸೆಹಣ್ಣು ಹಚ್ಚಿ ಬೆಳಗಿಸಿದೆ. ಇಷ್ಟೆಲ್ಲ ನಡೆಯುವಾಗ ಬೂದ್ಯಾ ನಡುಮನೆಯ ಕಂಬದ ಹತ್ತಿರ ಕುಳಿತು, ಒಂದು ಹಿಂಗಾಲು ಮೇಲೆತ್ತಿ, ತನ್ನ ಅಡಿಯನ್ನು ಬಿಡದೆ ನೆಕ್ಕಿಕೊಳ್ಳುತ್ತಿತ್ತು. ಅದು ನನ್ನ ಕಣ್ಣೆದುರಿಗೇ ಇತ್ತು. ನಾನು ನೋಡಿದೆ, ನೋಡಿಯೂ ನನಗೆ ಏನೂ ಕಾಣಿಸಲಿಲ್ಲ.

ಆಕೆ ಕೊಟ್ಟಿಗೆಯಲ್ಲಿದ್ದಷ್ಟು ದಿನ ಮನೆಯೊಳಗೆ ಒಂದು ಹನಿಯೂ ಬೀಳಲಿಲ್ಲ. "ನೋಡಿದ್ಯಾ?" ಅಂದೆ ಗೌರಮ್ಮನಿಗೆ. ಬೆಕ್ಕು ಕೂಡ ರಾತ್ರಿಯ ಕಾವಲಿಗೂ ಬಾರದೆ ಆಕೆಯ ಹಿಂದೆ ಹೋಗಿ ಕೊಟ್ಟಿಗೆಯಲ್ಲೇ ಬಿದ್ದುಕೊಂಡಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆಕೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು, ಬೆಕ್ಕೂ ಬಂತು. ಮರುದಿನವೇ ಭತ್ತದ ಕೋಣೆಯ ಬಾಗಿಲಲ್ಲಿ ಮತ್ತೆ ಹನಿಗಳು.

ನನಗೆ ತಲೆ ಕೆಟ್ಟುಹೋಯಿತು. ಒಮ್ಮೆ ತಪ್ಪಿದರೆ ಅರಿಯದೆ ಅನ್ನಬಹುದು, ಬುದ್ಧಿ ಹೇಳಿದ ಮೇಲೂ ಹೀಗೆ ಮಾಡುವುದೆಂದರೆ ಬೇಕೆಂದೇ ಎಂದು ತೀರ್ಮಾನಿಸಿದೆ. ಆಕೆಯನ್ನು ಮತ್ತೆ ಕೊಟ್ಟಿಗೆಗೆ ಕಳಿಸಿ, ಸಂಡೂರಿನ ಕಡೆ ಹೊರಟಿದ್ದವರ ಕೈಯಲ್ಲಿ ಬಂಡ್ರಿಗೆ ಹೇಳಿ ಕಳಿಸಿದೆ. ಬೀಗರು ಬಂದು ಹೋಗಬೇಕಂತೆ ಎಂದು.

ಆಕೆಯ ತಂದೆ ಮಾರನೆಯ ದಿನವೇ ಬಂದರು. ಎಲುಬು ಎಣಿಸುವಂಥ ಮೈ, ಕೆಂಪು ಮಣ್ಣು ಹಿಡಿದ ಧೋತರ, ಕೈಚೀಲದಲ್ಲಿ ಮಗಳಿಗೆಂದು ತಂದ ಶೇಂಗಾ ಉಂಡೆ. ಮಗಳಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಗಾಬರಿಯಲ್ಲಿ ಬಂದಿದ್ದರು. ನಾನು ಕಟ್ಟೆಯ ಮೇಲೆ ಕುಳಿತೇ ವಿಷಯ ಹೇಳಿದೆ. ಅವರನ್ನು ಕುಳ್ಳಿರಿ ಅನ್ನಲಿಲ್ಲ. ಓಣಿಯಲ್ಲಿ ಹೋಗುವವರು ನಿಂತು ಕೇಳಿಸಿಕೊಂಡರು. ಅದನ್ನೂ ನಾನು ತಡೆಯಲಿಲ್ಲ.

"ಈಗ ನಾ ಏನ್ ಮಾಡ್ಲಿ ಹೇಳ್ರಿ ಬೀಗರ" ಅಂದರು.

"ನೀವು ಕಲಿಸಬೇಕಾದ್ದು ಕಲಿಸಿಲ್ಲ. ಈಗರ ಕಲಿಸಿ ಹೋಗ್ರಿ."

ಅವರು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ನನಗಿಂತ ಅಷ್ಟು ಹಿರಿಯರಾದ ಅವರು ನನಗೆ ಕೈ ಮುಗಿದರು. "ಸಣ್ಣ ಹುಡುಗಿ ಐತ್ರಿ. ತಾಯಿ ಇಲ್ಲದ್ದು. ತಪ್ಪಾಗೈತಿ, ಹೊಟ್ಟ್ಯಾಗ ಹಾಕ್ಕೊಳ್ರಿ."

ಕೊಟ್ಟಿಗೆಯೊಳಗಿನಿಂದ ಆಕೆ ಕೂಗಿದಳು. "ಅಪ್ಪಾ, ಕೈ ಮುಗೀಬ್ಯಾಡ! ನಾ ಏನೂ ಮಾಡಿಲ್ಲ!"

"ಸುಮ್ನಿರವ್ವಾ" ಎಂದರು ಅವರು, ಆ ಕಡೆ ತಿರುಗದೆ.

ಗೌರಮ್ಮ ಊಟ ಮಾಡಿ ಹೋಗಿರೆಂದು ಎಷ್ಟೋ ಕೇಳಿಕೊಂಡಳು. "ಬಸ್ಸು ತಪ್ತೈತವ್ವಾ" ಎಂದು ಉಂಡೆಯ ಚೀಲವನ್ನು ಕೊಟ್ಟಿಗೆಯ ಬಾಗಿಲಿಗಿಟ್ಟು ಹೊರಟುಹೋದರು. ನೀರು ಕೂಡ ಕುಡಿಯಲಿಲ್ಲ.

ಆ ದಿನಗಳಲ್ಲಿ ಬೂದ್ಯಾ ಎಲ್ಲೆಂದರಲ್ಲಿ ಕೂರುತ್ತಿತ್ತು. ಒಲೆಯ ಬೂದಿಯಲ್ಲಿ, ಬಚ್ಚಲಲ್ಲಿ, ಮಡಿಚಿಟ್ಟ ನನ್ನ ಧೋತರದ ಮೇಲೆ. ಧೋತರದ ಮೇಲೆ ಕುಳಿತಿದ್ದಕ್ಕೆ ಪೊರಕೆಯಿಂದ ಹೊಡೆದೆ. ಪ್ರಾಯಕ್ಕೆ ಬಂದ ಗಂಡುಬೆಕ್ಕಿನ ಕೊಬ್ಬು ಎಂದುಕೊಂಡಿದ್ದೆ. ಪೆಟ್ಟು ಬಿದ್ದರೂ ಅದು ಓಡಲಿಲ್ಲ. ಕುಳಿತ ಭಂಗಿಯಲ್ಲೇ ನನ್ನ ಮುಖ ನೋಡಿ ಒಂದು ದನಿ ತೆಗೆಯಿತು. ಬೆಕ್ಕಿನ ಬಾಯಿಂದ ಅಂಥ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅದರ ಮರುದಿನ ಗೌರಮ್ಮ ಊಟಕ್ಕೆ ಬಡಿಸುತ್ತ ಹೇಳಿದಳು. "ಬಂಡ್ರಿಯಾಕಿ ಹೇಳಾಕತ್ಯಾಳ್ರಿ, ಬೂದ್ಯಾ ಮುಂಜಾನಿಂದ ಉಚ್ಚಿ ಹೊಯ್ದಿಲ್ಲಂತ. ಹೊಟ್ಟಿ ಕಲ್ಲಾಗೈತಂತ."

"ಬೆಕ್ಕಿನ ಉಚ್ಚಿ ಕಾಯ್ಕೊಂತ ಕುಂದ್ರಾಕ ನಮಗೇನು ಬ್ಯಾರೆ ಕೆಲಸ ಇಲ್ಲೇನು?" ಅಂದೆ.

ಅವ್ವ ಮಾತ್ರ, "ಪಾಪ, ಮಲ ಕಟ್ಟಿರಬೇಕು, ಅದಕ್ಕ ತಿಣಕತೈತಿ" ಎಂದು ಔಡಲೆಣ್ಣೆ ಕಾಯಿಸಿ, ಗೌರಮ್ಮನಿಂದ ಬಾಯಿ ಹಿಡಿಸಿ ಹುಯ್ದಳು. ಬೆಕ್ಕಿನ ತಿಣುಕಾಟ ನೋಡಿದ ಯಾರಿಗೂ ಮೊದಲು ಹೊಳೆಯುವುದು ಇದೇ. ನಿಮಗೂ ಹೊಳೆದೀತು, ಅದಕ್ಕೇ ಬರೆಯುತ್ತಿದ್ದೇನೆ. ಎಣ್ಣೆ ಕುಡಿದು ಅದು ವಾಂತಿ ಮಾಡಿತು. ಆಮೇಲೆ ನೆಲಕ್ಕೆ ಗಲ್ಲ ಊರಿ ಮಲಗಿಬಿಟ್ಟಿತು.

ಮಾರನೆಯ ಬೆಳಿಗ್ಗೆ ನಾನು ಮಿಲ್ಲಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದೆ. ಬಂಡ್ರಿಯಾಕಿ ಕೊಟ್ಟಿಗೆಯಿಂದ ನೇರ ಅಂಗಳ ದಾಟಿ ಬಂದು ನನ್ನ ಎದುರಿಗೆ ನಿಂತಳು. ಕಂಕುಳಲ್ಲಿ ಬಟ್ಟೆಯ ಚೀಲ, ಚೀಲದ ಬಾಯಿಂದ ಬೂದ್ಯಾನ ತಲೆ ಜೋತಿತ್ತು.

"ಭಾವನೋರ" ಅಂದಳು.

ಆಕೆ ನನ್ನೊಡನೆ ಆಡಿದ ಮೊದಲನೆಯ ಮಾತು ಅದು. ಅವ್ವ ಒಳಗಿನಿಂದ "ಏಯ್!" ಎಂದು ಕೂಗಿದಳು. ಆಕೆ ಕದಲಲಿಲ್ಲ.

"ಇದು ಸಾಯಾಕತ್ತೈತಿ. ಹೊಸಪೇಟಿ ದನದ ದವಾಖಾನಿಗಿ ಒಯ್ಯಾಕತ್ತೀನಿ. ನೀವು ಬಂದ್ರ ಬರ್ರಿ, ಇಲ್ಲಂದ್ರ ಬಿಡ್ರಿ. ನಾ ಹೊಂಟೆ."

ಹೊರಟೇಬಿಟ್ಟಳು. ನಾನು ಹಿಂದೆ ಹೋದೆ. ಬೆಕ್ಕಿನ ಮೇಲಿನ ಕರುಣೆಯಿಂದ ಹೋದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ನಮ್ಮ ಮನೆಯ ಸೊಸೆ ಒಬ್ಬಳೇ, ಅದೂ ಹೊರಗೆ ಕುಳಿತವಳು, ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಜನ ಏನಂದಾರು ಎಂದು ಹೋದೆ.

ಬಸ್ಸಿನಲ್ಲಿ ಆಕೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಕಂಡಕ್ಟರ್ ಚೀಲ ನೋಡಿ, "ಏನವ್ವಾ, ಕೋಳಿಯಾ? ಲಗೇಜು ತಗೀಬೇಕು" ಅಂದ. ಬಗ್ಗಿ ನೋಡಿದವನೇ ದನಿ ತಗ್ಗಿಸಿ, "ಕಿಟಕಿ ಕಡೆ ಕುಂದ್ರವ್ವಾ, ಗಾಳಿ ಆಡ್ಲಿ" ಎಂದು ಮುಂದೆ ಹೋದ. ಆ ದಿನ ನಮಗೆ ಸಿಕ್ಕ ಮೊದಲ ದಯೆ ಅದು.

ದನದ ದವಾಖಾನೆಯ ಬೇವಿನ ಮರದ ಕೆಳಗೆ ಕಾಯುವ ಜಾಗ. ಕಾಲು ಮುರಿದ ಹೋರಿ, ಕೆಚ್ಚಲು ಬಾತ ಎಮ್ಮೆ, ಹೊಟ್ಟೆ ಉಬ್ಬಿದ ಮೇಕೆ. ನಡುವೆ ನಾವು, ಬೆಕ್ಕು ಹಿಡಿದುಕೊಂಡು. ಒಬ್ಬ ರೈತ ನನ್ನ ಬಿಳಿ ಅಂಗಿ ನೋಡಿ, "ಏನ್ರಿ ಸಾಹುಕಾರ್ರ, ಹೊತ್ತಿಗಿ ಎಷ್ಟು ಹಾಲು ಕೊಡ್ತೈತಿ?" ಎಂದು ಕೇಳಿದ. ಎಲ್ಲರೂ ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮೇಕೆಯ ಮುದುಕಿ ಮಾತ್ರ ಎದ್ದು ಬಂದು ಚೀಲದೊಳಗೆ ಇಣುಕಿ, "ನಗಬ್ಯಾಡ್ರಲೇ, ಜೀವ ಐತಿ" ಎಂದು ಬೈದು, ತನ್ನ ಸರದಿಯನ್ನು ಬಂಡ್ರಿಯಾಕಿಗೆ ಬಿಟ್ಟುಕೊಟ್ಟಳು.

ಡಾಕ್ಟರು ಎಮ್ಮೆಯೊಂದನ್ನು ನೋಡಿ ಕೈ ತೊಳೆಯುತ್ತಿದ್ದರು. "ಬೆಕ್ಕಾ? ನಾ ಈ ಊರಿಗಿ ಬಂದ ಮ್ಯಾಲ ಬೆಕ್ಕು ತಂದವ್ರು ನೀವಽ ಮೊದಲು" ಎನ್ನುತ್ತ ಅದರ ಹೊಟ್ಟೆಗೆ ಬೆರಳು ಮುಟ್ಟಿಸಿದರು. ಅಷ್ಟಕ್ಕೇ ಬೂದ್ಯಾ ಚೀರಿತು. ಅವರ ಮುಖದ ನಗು ಹೋಯಿತು.

"ಯಾವಾಗಿಂದ ಉಚ್ಚಿ ಹೋಗಿಲ್ಲ?" ಎಂದು ನನ್ನನ್ನು ಕೇಳಿದರು. ನಾನು ಆಕೆಯ ಕಡೆ ನೋಡಿದೆ.

"ನಿನ್ನೆ ಮುಂಜಾನಿಂದ ಸರ."

"ಏನ್ ತಿನ್ನಾಕ ಹಾಕ್ತೀರಿ?"

"ಒಣಮೀನು."

"ನೀರು?"

ಆಕೆ ಬೂದ್ಯಾನ ತಲೆ ಸವರುತ್ತ ಹೇಳಿದಳು. "ಕೋಣ್ಯಾಗ ನೀರು ಇಡಂಗಿಲ್ಲ ಸರ. ನೆಲ್ಲು ತೊಯ್ತೈತಿ ಅಂತ." ಇಡಬಾರದು ಅಂದವರು ಯಾರು ಎಂದು ಹೇಳಲಿಲ್ಲ.

"ಮೂತ್ರದ ದಾರಿ ಕಟ್ಟೈತ್ರಿ. ಸಂಜಿತನ ಬಿಟ್ಟಿದ್ರ ಇದು ಇರ್ತಿರಲಿಲ್ಲ" ಅಂದರು ಡಾಕ್ಟರು. ಒಂದೆರಡು ದಿನ ಮೂತ್ರ ಹೋಗದಿದ್ದರೆ ಒಂದು ಪ್ರಾಣಿ ಸಾಯುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ನಾನು ನಗೆಯಾಡಿದ ಮಾತದು.

ಅವರಲ್ಲಿದ್ದ ನಳಿಕೆಗಳೆಲ್ಲ ದನಕ್ಕೆ ತಕ್ಕವು. ಹಸುಗೂಸುಗಳಿಗೆ ಹಾಕುವ ಸಣ್ಣ ನಳಿಕೆ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ, ಓಡಿ ಹೋಗಿ ತನ್ನಿರಿ ಅಂದರು. ನಾನು ಓಡಿದೆ. ಅಂಗಡಿಯವನು ಕೇಳಿದ. "ಎಷ್ಟು ತಿಂಗಳ ಕೂಸ್ರಿ?"

ಬೆಕ್ಕಿಗೆ ಎನ್ನಲು ನಾಲಿಗೆ ಬರಲಿಲ್ಲ. "ಎಂಟು" ಅಂದೆ.

"ಏನಾಗೈತಿ?"

"ಉಚ್ಚಿ ಕಟ್ಟೈತಿ."

"ಅಯ್ಯಽ, ಪಾಪ. ಅಳಬ್ಯಾಡ್ರಿ, ಎಲ್ಲಾ ಸರಿ ಹೋಗ್ತೈತಿ. ಜಲ್ದಿ ಒಯ್ರಿ" ಎಂದು ಚೀಟಿಯನ್ನೂ ಕೇಳದೆ ಕೊಟ್ಟ. ಅವನು ಹೇಳಿದ ಮೇಲೆಯೇ ನಾನು ಅಳುತ್ತಿದ್ದೇನೆ ಎಂದು ತಿಳಿದದ್ದು.

ಮೇಜಿನ ಮೇಲೆ ಗೋಣಿ ಹಾಸಿ ಬೂದ್ಯಾನನ್ನು ಮಲಗಿಸಿದರು. ಮಂಪರಿನ ಸೂಜಿ ಚುಚ್ಚಿದರು. ತಲೆಯ ಕಡೆ ಆಕೆ, ಹಿಂಗಾಲು ಹಿಡಿಯಲು ನಾನು. ಡಾಕ್ಟರು ನಳಿಕೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಒಳಗೆ ಬಿಡುತ್ತ, ನಿಲ್ಲಿಸುತ್ತ, ಮತ್ತೆ ಬಿಡುತ್ತ ಬೆವರೊರೆಸಿಕೊಂಡರು. ಆಕೆ ಅದರ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳುತ್ತಲೇ ಇದ್ದಳು. ಕೊನೆಗೆ ಬೇಸಿನ್ನಿನೊಳಗೆ ಸಣ್ಣ ಸದ್ದಾಯಿತು. ಮೊದಲು ಹನಿ, ಆಮೇಲೆ ಧಾರೆ.

ಅದು ಕೆಂಪಗಿತ್ತು. ಬಿಳಿಯ ಎನಾಮೆಲ್ ಬೇಸಿನ್ನಿನಲ್ಲಿ ಕಡುಗೆಂಪು ನೀರು, ತಳದಲ್ಲಿ ರವೆಯಂಥ ಹರಳು.

ಡಾಕ್ಟರು ನನ್ನ ಕಡೆ ನೋಡದೆ, ಕೆಲಸ ಮಾಡುತ್ತಲೇ ಕೇಳಿದರು. "ಇದು ಭಾಳ ದಿವಸದಿಂದ ನಡದೈತಿ. ಮನಿಯಾಗ ನೆಲದ ಮ್ಯಾಲ ರಕ್ತದ ಹನಿ ಕಂಡಿರಬೇಕಲ್ಲ ನಿಮಗ?"

ನನ್ನ ಕೈ ಸಡಿಲಾಯಿತು. "ಗಟ್ಟಿ ಹಿಡೀರಿ!" ಎಂದು ಅವರು ಗದರಿಸಿದರು.

"ಕಂಡಿದ್ವು ಸರ" ಅಂದಳು ಆಕೆ. ಬೆಕ್ಕಿನ ಮುಖದಿಂದ ಕಣ್ಣು ಎತ್ತಲಿಲ್ಲ. "ಎಲ್ಲಾರೂ ಕಂಡಿದ್ರು."

ಇಷ್ಟು ವರ್ಷವಾದರೂ ಆ ಗಳಿಗೆಯ ದಿಗಿಲು ನನ್ನಿಂದ ಹೋಗಿಲ್ಲ. ಹೊಸ್ತಿಲು, ಗಂಜಲ, ಕೊಟ್ಟಿಗೆ, ಆ ಹಿರಿಯರ ಮುಗಿದ ಕೈ, ಎಲ್ಲವೂ ಆ ಬೇಸಿನ್ನಿನೊಳಗೆ ಒಮ್ಮೆಲೇ ಕಂಡವು. ಮಧ್ಯಾಹ್ನದವರೆಗೆ ನೋಡಿಕೊಂಡು ಹೋಗಿರೆಂದು ನಮ್ಮನ್ನು ಬೇವಿನ ಮರದ ಕೆಳಗೆ ಕೂರಿಸಿದರು. ಆಕೆ ಒಂದು ಬದಿಗೆ, ನಾನು ಒಂದು ಬದಿಗೆ, ನಡುವೆ ಗೋಣಿಯ ಮೇಲೆ ಉಸಿರಾಡುತ್ತಿದ್ದ ಬೂದ್ಯಾ. ಹತ್ತಿರದ ಹೋಟೆಲಿನಿಂದ ಚಹಾ, ಬನ್ನು ತಂದು ಅವಳ ಪಕ್ಕ ಇಟ್ಟೆ. "ತಿನ್ನವ್ವಾ" ಅಂದೆ. ಮುಂದಿನ ಮಾತು ಗಂಟಲಿಗೆ ಬಂದಿತ್ತು. ಅಲ್ಲಿ ನನ್ನನ್ನು ಗುರುತಿಸುವವರು ಯಾರೂ ಇರಲಿಲ್ಲ. ಹೇಳಬಹುದಿತ್ತು. ಸೊಸೆಯ ಮುಂದೆ ಯಜಮಾನ ತಲೆ ತಗ್ಗಿಸುವುದೆಂದರೆ ಹೇಗೆ ಎಂಬುದು ನನಗೆ ಗೊತ್ತಿರಲಿಲ್ಲ. ಚಹಾ ಆರಿತು. ಆಕೆ ಬನ್ನನ್ನು ಮುರಿದು ಮೇಕೆಯ ಮುದುಕಿಗೆ ಕೊಟ್ಟಳು.

ಮಾಡಿದ್ದರಲ್ಲಿ ಇದೇ ಕೆಟ್ಟದ್ದು ಎಂದುಕೊಂಡಿರಬಹುದು ನೀವು. ಅಲ್ಲ. ಅದು ಆ ಸಂಜೆ ಊಟದ ಹೊತ್ತಿಗೆ ನಡೆಯಿತು.

ನಾನು ತಟ್ಟೆಯ ಮುಂದೆ ಕುಳಿತಿದ್ದೆ. ಅವ್ವ ಕಂಬಕ್ಕೆ ಒರಗಿದ್ದಳು. ಬಂಡ್ರಿಯಾಕಿ ಹೊರಬಾಗಿಲಲ್ಲಿ ನಿಂತು ಹೇಳಿದಳು. "ಅತ್ತೀ, ಆ ರಕ್ತ ಬೂದ್ಯಾಂದು. ಡಾಕ್ಟರ್ ಹೇಳ್ಯಾರ. ಭಾವನೋರು ಅಲ್ಲೇ ಇದ್ರು, ಕೇಳ್ರಿ."

ಅವ್ವ ನನ್ನ ಕಡೆ ತಿರುಗಿದಳು. "ಹೌದೇನಪಾ?"

ಗೌರಮ್ಮನೂ ಸೌಟು ಹಿಡಿದು ನಿಂತಳು. ಹೌದು ಎಂಬ ಒಂದು ಮಾತು ಸಾಕಿತ್ತು.

"ಅಂವ ದನದ ಡಾಕ್ಟರ್. ಬೆಕ್ಕಿಂದು ಅವಂಗೇನ್ ಗೊತ್ತು?" ಅಂದೆ. "ಉಚ್ಚಿ ಕಟ್ಟಿತ್ತು, ಬಿಡಿಸ್ಯಾರ. ಅಷ್ಟಽ."

ನನ್ನ ಬಾಯಿಂದಲೇ ಬಂದ ಮಾತು. ಕೇಳಿ ನಾನೇ ಬೆಚ್ಚಿದೆ. ಆದರೆ ತಿದ್ದಲಿಲ್ಲ. ಹೌದು ಅಂದರೆ ಬಂಡ್ರಿಗೆ ಹೋಗಬೇಕಾಗುತ್ತಿತ್ತು, ಓಣಿಯವರ ಮುಂದೆ ಆ ಹಿರಿಯರ ಕೈ ಹಿಡಿಯಬೇಕಾಗುತ್ತಿತ್ತು. ಅನ್ನ ಕಲಸಿದೆ. "ನೋಡಿದ್ಯಾ, ಮೂಕ ಪ್ರಾಣಿ ಮ್ಯಾಲೂ ಹಾಕಾಕ ಹೇಸಂಗಿಲ್ಲ" ಎಂದಳು ಅವ್ವ. ಬಂಡ್ರಿಯಾಕಿ ನನ್ನನ್ನು ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬೆರಗು ಇತ್ತು, ಇಂಥ ಮನುಷ್ಯರೂ ಇರುತ್ತಾರೆಯೇ ಎನ್ನುವಂಥ ಬೆರಗು. ಆಮೇಲೆ ಕೊಟ್ಟಿಗೆಗೆ ಹೋದಳು. ಶನಿವಾರ ಬಂದ ಈರಣ್ಣ, "ಅಣ್ಣಾ, ಹೌದೇನು ಅಕಿ ಹೇಳೋದು?" ಎಂದು ಕೇಳಿದಾಗಲೂ, "ಮುಗದ ಮಾತು ಬಿಡಲೇ" ಅಂದೆ. ಅವನು ನನ್ನೆದುರು ಇನ್ನೊಂದು ಮಾತು ಆಡುವವನಲ್ಲ. ಬಿಟ್ಟ.

ಬಾಯಲ್ಲಿ ಬರದೇ ಇದ್ದದ್ದನ್ನು ಕೈಯಲ್ಲಿ ಮಾಡಲು ಹೊರಟೆ. ಬೂದ್ಯಾನಿಗೆ ಸೂಜಿ ಹಾಕಿಸಲು ಮತ್ತೆ ಮತ್ತೆ ಹೊಸಪೇಟೆಗೆ ಚೀಲ ಹೊತ್ತವನು ನಾನೇ. ಗುಳಿಗೆಯನ್ನು ಪುಡಿ ಮಾಡಿ ಮೀನಿನ ತುಣುಕಿನಲ್ಲಿ ಹುದುಗಿಸಿ ತಿನ್ನಿಸಿದೆ. ಒಣಮೀನು ನಿಂತಿತು. ಹೊಳೆಮೀನನ್ನು ಉಪ್ಪಿಲ್ಲದೆ ನೀರು ಹೆಚ್ಚು ಹಾಕಿ ಬೇಯಿಸಿ, ಮುಳ್ಳು ಬಿಡಿಸಿ, ಆ ನೀರಿನ ಸಮೇತ ಹಾಕುವುದು ರೂಢಿಯಾಯಿತು. ಮಣ್ಣಿನ ಅಗಲ ಬಟ್ಟಲುಗಳಲ್ಲಿ ಮನೆಯ ಮೂಲೆಮೂಲೆಗೂ ನೀರು ಇಟ್ಟೆ, ಭತ್ತದ ಕೋಣೆಯಲ್ಲೂ ಇಟ್ಟೆ. ಒಂದು ಕಾಳೂ ಕೆಡಲಿಲ್ಲ, ಇಲಿಗಳೂ ಹೆಚ್ಚಲಿಲ್ಲ. ಹೊಳೆಯ ಮರಳು ತಂದು ಹಳೆಯ ಬುಟ್ಟಿಯಲ್ಲಿ ಹಾಕಿ, ದಿನಾ ಬೆಳಿಗ್ಗೆ ಅದು ಒದ್ದೆಯಾಗಿದೆಯೋ ಎಂದು ಕೈಯಾಡಿಸಿ ನೋಡುತ್ತಿದ್ದೆ. ಒಣಗಿದ್ದರೆ ಬೂದ್ಯಾನ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಮಿಲ್ಲಿನಲ್ಲಿ ಸುದ್ದಿಯಾಗಿ, "ಗುಮಾಸ್ತ್ರು ಈಗ ಬೆಕ್ಕಿನ ಉಚ್ಚಿಗೂ ರಸೀದಿ ಬರಿತಾರಂತ" ಎಂದು ಹಮಾಲರು ನಗುತ್ತಿದ್ದರು.

ಮುಂದೊಂದು ಬೇಸಿಗೆಯಲ್ಲಿ ಅದು ಮತ್ತೆ ಬಚ್ಚಲಲ್ಲಿ ಕುಳಿತು ತಿಣುಕಿತು. ಆ ಬೆಳಿಗ್ಗೆಯೇ ಬಸ್ಸು ಹತ್ತಿದೆ. "ಈ ಸಲ ಜಲ್ದಿ ತಂದೀರಿ" ಎಂದರು ಡಾಕ್ಟರು. ನಳಿಕೆ ಬೇಕಾಗಲಿಲ್ಲ, ಔಷಧಿಯಲ್ಲೇ ಇಳಿಯಿತು. ಈ ಕಾಯಿಲೆ ತಿರುಗಿ ಬರುತ್ತದೆ. ಬಂದರೆ ಹೆದರಬೇಡಿ, ತಡವನ್ನೂ ಮಾಡಬೇಡಿ. ಬೆಕ್ಕು ಕೂರಬಾರದ ಕಡೆ ಕೂತಿತೆಂದು ಹೊಡೆಯಬೇಡಿ. ಅದಕ್ಕೆ ಹೇಳಲು ಬೇರೆ ದಾರಿಯಿಲ್ಲ.

ಬಂಡ್ರಿಯಾಕಿ ಮನೆಯಲ್ಲೇ ಇದ್ದಳು, ಕೆಲಸ ಮಾಡಿದಳು, ಎರಡು ಮಕ್ಕಳ ತಾಯಿಯಾದಳು. ನನ್ನ ಎದುರಿಗೆ ಮತ್ತೆಂದೂ ನಿಲ್ಲಲಿಲ್ಲ. ಆದರೆ ಒಂದಿತ್ತು. ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಬುಟ್ಟಿ ನೋಡಿರುತ್ತಿದ್ದಳು. ನಾನು ಪಡಸಾಲೆಗೆ ಬಂದ ಸದ್ದಾದರೆ ಬಾಗಿಲ ಮರೆಯಿಂದ ಗೌರಮ್ಮನಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದಳು. "ಅಕ್ಕಾ, ಬೂದ್ಯಾಂದು ಆತು." ನಾನು "ಹೂಂ" ಅನ್ನುತ್ತಿದ್ದೆ. ಗೌರಮ್ಮ ಅಲ್ಲಿ ಇರದಿದ್ದರೂ ಆಕೆ ಹಾಗೆಯೇ ಹೇಳುತ್ತಿದ್ದಳು. ವರ್ಷಗಟ್ಟಲೆ ನಮ್ಮ ನಡುವೆ ನಡೆದ ಮಾತು ಅಷ್ಟೇ. ಅದನ್ನೇ ಕ್ಷಮೆ ಎಂದುಕೊಂಡೆ. ನನಗೆ ಅನುಕೂಲವಾದದ್ದನ್ನು ನಾನು ಬೇಗ ನಂಬುತ್ತಿದ್ದೆ. ಅದು ಬೆಕ್ಕಿಗಾಗಿ ಆಡಿದ ಮಾತು, ಅದರಲ್ಲಿ ನನಗೆಂದು ಏನೂ ಇರಲಿಲ್ಲ.

ಬೂದ್ಯಾ ಮುದಿಯಾಗಿ, ಹಲ್ಲು ಬಿದ್ದು, ಬಿಸಿಲಲ್ಲಿ ಮಲಗಿದ್ದಾಗಲೇ ಹೋಯಿತು. ಹಿತ್ತಿಲಲ್ಲಿ ಇಬ್ಬರೂ ಸೇರಿ ಹೂತೆವು. ಗುಂಡಿ ತೋಡಿದವನು ನಾನು, ಮಣ್ಣು ಎಳೆದವಳು ಆಕೆ. ಬೇರೆ ಯಾರೂ ಇರಲಿಲ್ಲ. ಸನಿಕೆ ಕೈಯಲ್ಲಿತ್ತು, ಮಾತು ಬಾಯಲ್ಲಿತ್ತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಮರುದಿನದಿಂದ ಬಾಗಿಲ ಮರೆಯ ಆ ಒಂದು ಮಾತೂ ನಿಂತಿತು.

ಆಮೇಲೆ ಈರಣ್ಣ ಹೊಸಪೇಟೆಯಲ್ಲಿ ಮನೆ ಮಾಡಿದ. ಬಂಡ್ರಿಯ ಬೀಗರು ತೀರಿಕೊಂಡರು, ತಮ್ಮ ಮಗಳು ಮನೆ ಕೆಡಿಸಿದಳು ಎಂದು ನಂಬಿಕೊಂಡೇ ತೀರಿಕೊಂಡರು. ಅವ್ವ ಹೋದಳು. ಗೌರಮ್ಮನಿಗೆ ನಾನು ನಿಜ ಹೇಳಿದ್ದು ಅವಳು ಹಾಸಿಗೆ ಹಿಡಿದ ಮೇಲೆ. "ನನಗ ಅವತ್ತಽ ಗೊತ್ತಿತ್ರಿ, ನಿಮ್ಮ ಮುಖ ನೋಡಿದ ಕೂಡ್ಲೆ" ಅಂದಳು. "ನನಗ ಹೇಳಿ ಏನು ಬಂತು? ಅಕಿಗಿ ಹೇಳ್ರಿ." ಹೇಳುತ್ತೇನೆ ಎಂದೆ. ಹಬ್ಬಕ್ಕೆ ಹೋದಾಗ ಹೇಳೋಣ, ಮಕ್ಕಳು ಹೊರಗೆ ಹೋದಾಗ ಹೇಳೋಣ ಎನ್ನುತ್ತ ಕುಳಿತೆ. ಕೊನೆಗೆ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಬಂಡ್ರಿಯಾಕಿ ಕಣ್ಣು ತೆರೆಯಲಿಲ್ಲ, ಹಾಗೆಯೇ ಹೋದಳು. ಕಾಯುವ ಬೆಂಚಿನ ಮೇಲೆ ಆಕೆಯ ಮಕ್ಕಳ ನಡುವೆ ಹಿರಿಯನಾಗಿ ಕುಳಿತಿದ್ದೆ. ದೊಡ್ಡಪ್ಪ, ನೀರು ಕುಡೀರಿ ಎಂದು ಅವರು ನನಗೇ ಸಮಾಧಾನ ಹೇಳಿದರು.

ಬೆಕ್ಕಿನ ಹತ್ತಿರ ತಪ್ಪಾಯಿತು ಅಂದಿದ್ದೇನೆ, ಎಷ್ಟೋ ಸಲ, ಅದರ ತಲೆ ಸವರುತ್ತ. ಬೀಗರನ್ನು ನೆನೆದು ದೇವರ ಮುಂದೆ ಅಂದಿದ್ದೇನೆ. ಹೆಂಡತಿಯ ಮುಂದೆ ಅತ್ತಿದ್ದೇನೆ. ಯಾರಿಗೆ ಹೇಳಬೇಕಿತ್ತೋ ಆಕೆಗೆ ಹೇಳಲಿಲ್ಲ. ಆಕೆಗೊಂದು ಹೆಸರಿತ್ತು. ಒಂದೇ ಸೂರಿನ ಕೆಳಗೆ ಅಷ್ಟು ವರ್ಷ ಇದ್ದೂ ಅದು ನನ್ನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಪಂಪಮ್ಮ.